ಕಾಳು ಒಣಗುವ ಲೆಕ್ಕ: ಮೆಕ್ಕೆಜೋಳ, ರಾಗಿ, ಅವರೆಗೆ ಗಣಿತ ಮಾದರಿ ಕಟ್ಟುವ ಬಗೆ

ಇಷ್ಟು ತೇವಾಂಶದ ಕಾಳನ್ನು ಇಷ್ಟು ಬಿಸಿಯ, ಇಷ್ಟು ಆರ್ದ್ರತೆಯ ಗಾಳಿಗೆ ಒಡ್ಡಿದರೆ ಎಷ್ಟು ಹೊತ್ತಿಗೆ ಅದು ಚೀಲಕ್ಕೆ ತುಂಬುವ ಹದಕ್ಕೆ ಬರುತ್ತದೆ? ಒಣಗಿಸುವಿಕೆಯ ಗಣಿತ ಮಾದರಿ ಉತ್ತರಿಸಬೇಕಾದ ಪ್ರಶ್ನೆ ಇದೊಂದೇ. ಪ್ರಾಜೆಕ್ಟ್ ವರದಿಗಳಲ್ಲಿ ಹತ್ತು ಹನ್ನೆರಡು ಸೂತ್ರಗಳನ್ನು ಸಾಲಾಗಿ ನಿಲ್ಲಿಸಿ, ಯಾವುದಕ್ಕೆ ಆರ್-ಸ್ಕ್ವೇರ್ಡ್ (ಸೂತ್ರ ಅಳತೆಗಳಿಗೆ ಎಷ್ಟು ಹೊಂದುತ್ತದೆ ಎಂಬ ಸಂಖ್ಯೆ, ಗರಿಷ್ಠ 1) ಹೆಚ್ಚು ಬಂತೋ ಅದನ್ನು ಆರಿಸುವುದು ರೂಢಿ. ಇಳಿಯುತ್ತಲೇ ಹೋಗುವ ರೇಖೆಗೆ ಮೂರು ನಾಲ್ಕು ಸ್ಥಿರಾಂಕಗಳಿರುವ ಯಾವ ಸೂತ್ರ ಕೂರಿಸಿದರೂ 0.99 ಬಂದೇ ಬರುತ್ತದೆ, ಅದರಿಂದ ತಿಳಿಯುವುದು ಕಡಿಮೆ. ಮಾದರಿ ಕೆಡುವುದು ಸೂತ್ರದ ಆಯ್ಕೆಯಲ್ಲಲ್ಲ. ಒಣ ತೂಕ, ಸಮತೋಲನ ತೇವಾಂಶ (ಆ ಗಾಳಿಯಲ್ಲಿ ಕಾಳು ಕೊನೆಗೆ ಬಂದು ನಿಲ್ಲುವ ತೇವಾಂಶ), ಗಾಳಿಯ ಸ್ಥಿತಿ, ಈ ಮೂರರ ಅಳತೆಯಲ್ಲಿ ಅದು ಕೆಡುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅವಕ್ಕೇ ಮೀಸಲು.

ತೇವಾಂಶ ಯಾವ ಆಧಾರದ್ದು?

ಮಾರುಕಟ್ಟೆಯಲ್ಲಿ, ಎಪಿಎಂಸಿಯಲ್ಲಿ, ತೇವಾಂಶ ಮೀಟರಿನಲ್ಲಿ ಕಾಣುವುದೆಲ್ಲ ಹಸಿ ಆಧಾರದ ಸಂಖ್ಯೆ: ನೀರಿನ ತೂಕವನ್ನು ಒಟ್ಟು ತೂಕದಿಂದ ಭಾಗಿಸಿದ್ದು. ಮಾದರಿಗೆ ಬೇಕಾದದ್ದು ಒಣ ಆಧಾರದ್ದು: ನೀರಿನ ತೂಕವನ್ನು ಒಣ ಪದಾರ್ಥದ ತೂಕದಿಂದ ಭಾಗಿಸಿದ್ದು. ಒಣಗುತ್ತಾ ಹೋದಂತೆ ಒಟ್ಟು ತೂಕ ಬದಲಾಗುತ್ತದೆ, ಒಣ ಪದಾರ್ಥ ಮಾತ್ರ ಅಲ್ಲೇ ಇರುತ್ತದೆ.

ಒಣ ಆಧಾರ = ಹಸಿ ಆಧಾರ ÷ (1 − ಹಸಿ ಆಧಾರ)

ಶೇ. 24 ಹಸಿ ಆಧಾರ ಎಂದರೆ 0.24 ÷ 0.76 = 0.3158 ಒಣ ಆಧಾರ. ಶೇ. 14 ಎಂದರೆ 0.1628. ಇವೆರಡನ್ನು ಬೆರೆಸಿದರೆ ಏನಾಗುತ್ತದೆ ನೋಡಿ: 100 ಕಿಲೋ ಮೆಕ್ಕೆಜೋಳವನ್ನು ಶೇ. 24ರಿಂದ 14ಕ್ಕೆ ಇಳಿಸಿದರೆ ಹೋಗುವ ನೀರು 10 ಕಿಲೋ ಅಲ್ಲ, 11.6 ಕಿಲೋ. ಹೀಟರಿನ ಅಳತೆಯೂ ಇಂಧನದ ಲೆಕ್ಕವೂ ಅಷ್ಟರ ಮಟ್ಟಿಗೆ ತಪ್ಪುತ್ತವೆ.

ಒಣ ತೂಕ ತಿಳಿಯಲು ಓವನ್ ಬೇಕು. ಏಕದಳ ಧಾನ್ಯವನ್ನು ಪುಡಿ ಮಾಡಿ 130 ಡಿಗ್ರಿಯಲ್ಲಿ 2 ಗಂಟೆ ಇಡುವುದು ಒಂದು ವಿಧಾನ. ಮೆಕ್ಕೆಜೋಳ, ಸೋಯಾ, ಹುರುಳಿಕಾಯಿ ಬೀಜದಂಥ ದೊಡ್ಡ ಕಾಳುಗಳನ್ನು ಇಡಿಯಾಗಿಯೇ 103 ಡಿಗ್ರಿಯಲ್ಲಿ 72 ಗಂಟೆ ಇಡುವುದು ಇನ್ನೊಂದು. ತುಂಬ ಹಸಿಯಾದ ಕಾಳನ್ನು ಪುಡಿ ಮಾಡಬೇಡಿ. ಮಿಕ್ಸಿಯ ಬಿಸಿಗೇ ಸ್ವಲ್ಪ ನೀರು ಹಾರಿಹೋಗಿ, ತೇವಾಂಶ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. 15 ಗ್ರಾಂನ ಮೂರು ಸ್ಯಾಂಪಲ್ ಇಡಿ. ಹೊರಗೆ ತೆಗೆದ ಮೇಲೆ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಆರಿಸಿ, ಆಮೇಲೆ ತೂಗಿ. ಬಿಸಿ ಬಟ್ಟಲನ್ನು ತಕ್ಕಡಿಗೆ ಇಟ್ಟರೆ ಅದರ ಸುತ್ತ ಮೇಲೇಳುವ ಗಾಳಿ ತೂಕವನ್ನು ಕಡಿಮೆ ತೋರಿಸುತ್ತದೆ.

ಕಾಳು ಸಿದ್ಧ ಮಾಡಿಕೊಳ್ಳುವುದು

ಹೊಲದಿಂದ ಬಂದ ಸಹಜ ಹಸಿ ಕಾಳು ಸಿಕ್ಕರೆ ಅದೇ ಉತ್ತಮ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕೊಯ್ಲಿನ ಕಾಲಕ್ಕೆ ಹೋದರೆ ಮೆಕ್ಕೆಜೋಳ, ರಾಗಿ, ತೊಗರಿ, ಅವರೆ ಎಲ್ಲವೂ ಬೆಂಗಳೂರಿನಿಂದ ಒಂದೆರಡು ಗಂಟೆಯ ದಾರಿಯಲ್ಲಿ ಸಿಗುತ್ತವೆ. ಗಾಳಿಯಾಡದ ಡಬ್ಬದಲ್ಲಿ ತಂದು ಫ್ರಿಜ್‌ನಲ್ಲಿಡಿ. ಒಣಗಿಸಲು ಕೂರುವ ಮುಂಚೆ ಡಬ್ಬ ತೆರೆಯದೆ ಕೋಣೆಯ ಬಿಸಿಗೆ ಬರಲು ಬಿಡಿ, ಇಲ್ಲದಿದ್ದರೆ ತಣ್ಣನೆಯ ಕಾಳಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ.

ಒಣ ಕಾಳಿಗೆ ನೀರು ಸೇರಿಸಿ ಹಸಿ ಮಾಡಲೇಬೇಕಾದರೆ ಲೆಕ್ಕ ಇದು:

ಸೇರಿಸುವ ನೀರು = ಕಾಳಿನ ತೂಕ × (ಬೇಕಾದ ಶೇಕಡಾ − ಈಗಿನ ಶೇಕಡಾ) ÷ (100 − ಬೇಕಾದ ಶೇಕಡಾ)

1 ಕಿಲೋ ಕಾಳನ್ನು ಶೇ. 12ರಿಂದ 24ಕ್ಕೆ ಏರಿಸಲು 158 ಗ್ರಾಂ ನೀರು ಬೇಕು. ಎರಡು ಮೂರು ಕಂತಿನಲ್ಲಿ ಚಿಮುಕಿಸಿ, ಮುಚ್ಚಿ, ಫ್ರಿಜ್‌ನಲ್ಲಿ ಒಂದು ವಾರ ಇಟ್ಟು ದಿನಕ್ಕೊಮ್ಮೆ ಅಲುಗಾಡಿಸಿ. ದ್ವಿದಳ ಕಾಳುಗಳಲ್ಲಿ ಇದು ಅಷ್ಟು ಸಲೀಸಲ್ಲ. ಸಿಪ್ಪೆ ಮೊದಲು ನೀರು ಕುಡಿದು ಉಬ್ಬುತ್ತದೆ, ಒಳಗಿನ ಬೇಳೆ ಹಿಂದೆ ಉಳಿಯುತ್ತದೆ, ಸುಕ್ಕು ಬಿದ್ದ ಸಿಪ್ಪೆ ಅಲ್ಲಲ್ಲಿ ಹರಿಯುತ್ತದೆ. ಹರಿದ ಸಿಪ್ಪೆಯ ಕಾಳು ಬೇಗ ಒಣಗಿ ನಿಮ್ಮ ಒಣಗುವ ವೇಗದ ಸ್ಥಿರಾಂಕವನ್ನು ಮೇಲಕ್ಕೆ ಎಳೆಯುತ್ತದೆ. ಕೆಲವು ಕಾಳು ನೀರನ್ನೇ ಹೀರದೆ ಗಟ್ಟಿಯಾಗಿ ಕೂರುತ್ತವೆ. ಇಂಥವನ್ನೆಲ್ಲ ಆರಿಸಿ ತೆಗೆಯಿರಿ. ಸಿಪ್ಪೆಯೇ ದೊಡ್ಡ ತಡೆ ಎಂಬುದು ಹಿತಕಿದ ಅವರೆಬೇಳೆ ಒಣಗಿಸಿದವರಿಗೆಲ್ಲ ಗೊತ್ತಿದೆ. ಸಿಪ್ಪೆ ಸಮೇತದ ಅವರೆಗೆ ಕಟ್ಟಿದ ಮಾದರಿ ಹಿತಕಿದ ಬೇಳೆಗೆ ನಡೆಯುವುದಿಲ್ಲ. ಹಾಗೆಯೇ ತಳಿಯ ಹೆಸರನ್ನೂ ಬರೆದಿಡಿ: ಎಚ್‌ಎ-3 ಅವರೆಗೆ ಬಂದ ಸಂಖ್ಯೆಯನ್ನು ನಾಟಿ ಅವರೆಗೆ ಹಾಗೇ ಹಾಕಲಾಗದು.

ಒಣಗಿಸುವ ಪೆಟ್ಟಿಗೆ

ತೆಳು ಪದರದ ಪ್ರಯೋಗ ಎಂದರೆ ಕಾಳು ಒಂದರ ಮೇಲೊಂದು ಕೂರದಂತೆ ಒಂದೇ ಸಾಲಿನಲ್ಲಿ ಹರಡಿ, ಎಲ್ಲಕ್ಕೂ ಒಂದೇ ಥರದ ಗಾಳಿ ತಾಗುವಂತೆ ಮಾಡುವುದು. 200 ಗ್ರಾಂ ಮೆಕ್ಕೆಜೋಳಕ್ಕೆ 25 ಸೆಂಟಿಮೀಟರ್ ಚೌಕದ ಜಾಲರಿ ಟ್ರೇ ಸಾಕು. ರಾಗಿಗೆ 1 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿ ಬೇಕು. ಬ್ಲೋವರ್, ಫಿನ್ ಹೀಟರ್, ಉಷ್ಣತೆ ಹಿಡಿದಿಡುವ ಪಿಐಡಿ ಕಂಟ್ರೋಲರ್, ಹೀಟರನ್ನು ಹಚ್ಚಿ ಆರಿಸುವ ಎಸ್‌ಎಸ್‌ಆರ್, 1 ಕಿಲೋ ಲೋಡ್ ಸೆಲ್ (ತೂಕದ ಸೆನ್ಸರ್), ಅದರ ಸಂಕೇತ ಓದಲು ಒಂದು ಎಚ್‌ಎಕ್ಸ್711 ಬೋರ್ಡ್, ಎರಡು ಉಷ್ಣತೆ-ಆರ್ದ್ರತೆ ಸೆನ್ಸರ್: ಇವೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಮಧ್ಯಾಹ್ನದಲ್ಲಿ ಕೂಡಿಸಬಹುದಾದ ಸಾಮಾನು. ಶೀಟ್ ಮೆಟಲ್ ಡಕ್ಟ್ ಮಾಡಿಸಲು ಪೀಣ್ಯ ಕೈಗಾರಿಕಾ ಪ್ರದೇಶ ಇದೆ.

ಗಾಳಿಯ ವೇಗ ಸೆಕೆಂಡಿಗೆ 0.5 ಮೀಟರ್ ಆಸುಪಾಸು ಇರಲಿ. ಕಾಳಿನ ಒಳಗಿನಿಂದ ನೀರು ಹೊರಗೆ ಬರುವ ವೇಗವೇ ಇಲ್ಲಿ ಹಿಡಿತ ಇಟ್ಟಿರುವುದರಿಂದ, ಅದಕ್ಕಿಂತ ಜೋರಾಗಿ ಊದಿದರೆ ಲಾಭ ಅಲ್ಪ. ಟ್ರೇಯ ನಾಲ್ಕು ಮೂಲೆಯಲ್ಲೂ ನಡುವಲ್ಲೂ ವೇಗ ಅಳೆಯಿರಿ. ಹೆಚ್ಚು ಕಡಿಮೆ ಇದ್ದರೆ ಹೀಟರಿನ ಮೇಲೆ ಒಂದು ರಂಧ್ರದ ತಗಡು ಹಾಕಿ ಸಮ ಮಾಡಿ.

ತೂಕದ ವಿಷಯದಲ್ಲಿ ಎರಡು ತೊಂದರೆ ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ. ಕೆಳಗಿನಿಂದ ಬರುವ ಗಾಳಿ ಟ್ರೇಯನ್ನು ಎತ್ತುತ್ತದೆ. 25 ಸೆಂಟಿಮೀಟರ್ ಚೌಕದ ಟ್ರೇಯ ಮೇಲೆ ಬರೀ 1 ಪಾಸ್ಕಲ್ ಒತ್ತಡ ವ್ಯತ್ಯಾಸ ಇದ್ದರೂ ಸುಮಾರು 6.4 ಗ್ರಾಂ ಕಡಿಮೆ ತೋರಿಸುತ್ತದೆ. ಅದು ಶುರುವಿನ ಒಂದು ಗಂಟೆಯಲ್ಲಿ ಹೋಗುವ ನೀರಿನ ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ಆದ್ದರಿಂದ ತೂಗುವಾಗ 10-15 ಸೆಕೆಂಡ್ ಬ್ಲೋವರ್ ನಿಲ್ಲಿಸಬೇಕು, ಜೊತೆಗೆ ಹೀಟರನ್ನೂ. ಇಲ್ಲದಿದ್ದರೆ ಹೀಟರ್ ಸುಟ್ಟೀತು. ಎರಡನೆಯದು ಲೋಡ್ ಸೆಲ್ ಬಿಸಿಯಾದರೆ ಅದರ ಸೊನ್ನೆ ಜರುಗುತ್ತದೆ. ಸೆಲ್ಲನ್ನು ಪೆಟ್ಟಿಗೆಯ ಹೊರಗೆ ಮೇಲಿಟ್ಟು, ತೆಳು ಸ್ಟೀಲ್ ಕಡ್ಡಿಯಿಂದ ಟ್ರೇಯನ್ನು ಇಳಿಬಿಡಿ. ಪ್ರಯೋಗದ ಕೊನೆಗೆ ಖಾಲಿ ಟ್ರೇ ತೂಗಿ, ಸೊನ್ನೆ ಎಷ್ಟು ಜರುಗಿದೆ ಎಂದು ಬರೆದಿಡಿ.

ಮೊದಲ ಅರ್ಧ ಗಂಟೆ 5 ನಿಮಿಷಕ್ಕೊಮ್ಮೆ, ಎರಡು ಗಂಟೆಯವರೆಗೆ 15 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ತೂಗಿದರೆ ಮೆಕ್ಕೆಜೋಳಕ್ಕೆ ಸಾಕು. ರಾಗಿಗೆ ಸಾಲದು. ಒಳಗಿನ ನೀರು ಹೊರಬರಲು ತಗಲುವ ಕಾಲ ತ್ರಿಜ್ಯದ ವರ್ಗಕ್ಕೆ ಅನುಗುಣ. ಮೆಕ್ಕೆಜೋಳದ ತ್ರಿಜ್ಯ 4 ಮಿಲಿಮೀಟರ್, ರಾಗಿಯದು 0.75 ಎಂದಿಟ್ಟುಕೊಂಡರೆ ಅನುಪಾತ 28. ರಾಗಿಯನ್ನು ಶುರುವಿನಲ್ಲಿ 2 ನಿಮಿಷಕ್ಕೊಮ್ಮೆ ತೂಗದಿದ್ದರೆ ರೇಖೆಯ ಮುಖ್ಯ ಭಾಗವೇ ಕೈತಪ್ಪುತ್ತದೆ.

40, 50, 60 ಡಿಗ್ರಿಯಲ್ಲಿ ತಲಾ ಮೂರು ಸಲ ಮಾಡಿ. ಬಿತ್ತನೆ ಬೀಜವಾದರೆ 43 ದಾಟಬೇಡಿ, ಮೊಳಕೆ ಹಾಳಾಗುತ್ತದೆ. ಆಗ 32, 37, 42 ಇಟ್ಟುಕೊಳ್ಳಬಹುದು.

ಗಾಳಿಯ ಸ್ಥಿತಿ: ಬೆಂಗಳೂರಿನ ಎತ್ತರ ಮರೆಯಬೇಡಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರ ಸುಮಾರು 91 ಕಿಲೋಪಾಸ್ಕಲ್. ಪುಸ್ತಕದ ಸೈಕ್ರೋಮೆಟ್ರಿಕ್ ಚಾರ್ಟ್ (ಗಾಳಿಯ ಉಷ್ಣತೆ, ಆರ್ದ್ರತೆಯ ನಕ್ಷೆ) ಸಮುದ್ರಮಟ್ಟದ 101.3 ಕಿಲೋಪಾಸ್ಕಲ್‌ಗೆ ಬರೆದದ್ದು. ಹಾಗಾಗಿ ಲೆಕ್ಕವನ್ನು ಸೂತ್ರದಿಂದಲೇ ಮಾಡಿ (ಎಕ್ಸ್‌ಪ್ ಎಂದರೆ e-ಯ ಘಾತ, ಉಷ್ಣತೆ ಸೆಲ್ಸಿಯಸ್‌ನಲ್ಲಿ):

ಪರ್ಯಾಪ್ತ ಆವಿ ಒತ್ತಡ (ಕಿಲೋಪಾಸ್ಕಲ್) = 0.6108 × ಎಕ್ಸ್‌ಪ್[17.27 × ಉಷ್ಣತೆ ÷ (ಉಷ್ಣತೆ + 237.3)]
ಆವಿ ಒತ್ತಡ = ಸಾಪೇಕ್ಷ ಆರ್ದ್ರತೆ × ಪರ್ಯಾಪ್ತ ಆವಿ ಒತ್ತಡ
ಆರ್ದ್ರತಾ ಅನುಪಾತ = 0.622 × ಆವಿ ಒತ್ತಡ ÷ (91 − ಆವಿ ಒತ್ತಡ)

ಹೊರಗೆ 27 ಡಿಗ್ರಿ, ಶೇ. 70 ಆರ್ದ್ರತೆ ಇದ್ದರೆ ಆವಿ ಒತ್ತಡ 2.50 ಕಿಲೋಪಾಸ್ಕಲ್, ಒಂದು ಕಿಲೋ ಒಣ ಗಾಳಿಯಲ್ಲಿ 17.5 ಗ್ರಾಂ ನೀರು. ಅದೇ ಲೆಕ್ಕವನ್ನು 101.3ರಲ್ಲಿ ಮಾಡಿದರೆ 15.7 ಗ್ರಾಂ ಬರುತ್ತದೆ. ಗಾಳಿಯ ಸಾಂದ್ರತೆಯೂ ಇಲ್ಲಿ ಶೇ. 10ರಷ್ಟು ಕಡಿಮೆ. ಸಮುದ್ರಮಟ್ಟಕ್ಕೆಂದು ಆರಿಸಿದ ಬ್ಲೋವರ್ ಅದೇ ಘನಮೀಟರ್ ಊದಿದರೂ ಅಷ್ಟು ಕಡಿಮೆ ಕಿಲೋ ಗಾಳಿ ಕೊಡುತ್ತದೆ.

ಈ ಗಾಳಿಯನ್ನು 45 ಡಿಗ್ರಿಗೆ ಕಾಯಿಸಿದರೆ ನೀರಿನ ಪ್ರಮಾಣ ಬದಲಾಗುವುದಿಲ್ಲ, ಸಾಪೇಕ್ಷ ಆರ್ದ್ರತೆ ಮಾತ್ರ ಶೇ. 26ಕ್ಕೆ ಇಳಿಯುತ್ತದೆ. ಮಳೆ ಬಂದು ನಿಂತ ಸಂಜೆಗೂ ಮರುದಿನದ ಬಿಸಿಲಿಗೂ ಈ ಸಂಖ್ಯೆ ಬೇರೆಬೇರೆ. ಹೀಟರ್ 45ರಲ್ಲೇ ನಿಂತಿದ್ದರೂ ಎರಡು ದಿನದ ಪ್ರಯೋಗ ಒಂದೇ ಅಲ್ಲ. ಹೊರಗಿನ ಆರ್ದ್ರತೆಯನ್ನು ಪ್ರತಿ ತೂಕದ ಜೊತೆಗೇ ದಾಖಲಿಸಿ.

ಸಮತೋಲನ ತೇವಾಂಶ

ಒಂದು ಗಾಳಿಯಲ್ಲಿ ಎಷ್ಟೇ ದಿನ ಇಟ್ಟರೂ ಕಾಳು ಇದಕ್ಕಿಂತ ಕೆಳಗೆ ಒಣಗದು ಎಂಬ ಮಟ್ಟವೇ ಸಮತೋಲನ ತೇವಾಂಶ. ಹಣ್ಣು ತರಕಾರಿ ಒಣಗಿಸುವವರು ಇದನ್ನು ಸೊನ್ನೆ ಎಂದು ಬಿಟ್ಟುಬಿಡುತ್ತಾರೆ. ಅಲ್ಲಿ ಆರಂಭದ ತೇವಾಂಶ ಅಷ್ಟು ಹೆಚ್ಚಿರುವುದರಿಂದ ಅದು ನಡೆಯುತ್ತದೆ. ಕಾಳಿಗೆ ಹಾಗೆ ಮಾಡುವುದು ದೊಡ್ಡ ತಪ್ಪು. ಕಾಳಿಗೆ ಹೆಚ್ಚು ಬಳಕೆಯಲ್ಲಿರುವುದು ಮಾರ್ಪಡಿಸಿದ ಹೆಂಡರ್ಸನ್ ಸೂತ್ರ:

ಸಮತೋಲನ ತೇವಾಂಶ = { −ಲಾಗ್(1 − ಆರ್ದ್ರತೆ) ÷ [ಅ × (ಉಷ್ಣತೆ + ಇ)] } ^ (1/ಆ)

ಆರ್ದ್ರತೆ ದಶಮಾಂಶದಲ್ಲಿ, ಉಷ್ಣತೆ ಸೆಲ್ಸಿಯಸ್‌ನಲ್ಲಿ, ಉತ್ತರ ಶೇಕಡಾ ಒಣ ಆಧಾರದಲ್ಲಿ. ಲಾಗ್ ಎಂದರೆ ಇಲ್ಲೆಲ್ಲ ಸ್ವಾಭಾವಿಕ ಲಾಗ್. ಹಳದಿ ಮೆಕ್ಕೆಜೋಳಕ್ಕೆ ಅ = 8.6541 × 10⁻⁵, ಆ = 1.8634, ಇ = 49.810. ಸೋಯಾಗೆ ಅ = 30.5327 × 10⁻⁵, ಆ = 1.2164, ಇ = 134.136. ಮೇಲಿನ 45 ಡಿಗ್ರಿ, ಶೇ. 26ರ ಗಾಳಿಯಲ್ಲಿ ಮೆಕ್ಕೆಜೋಳಕ್ಕೆ 6.9, ಸೋಯಾಗೆ 4.1 ಬರುತ್ತದೆ.

ಅವರೆ, ಹುರುಳಿ, ಅಲಸಂದೆಗೆ ನಂಬಬಹುದಾದ ಸ್ಥಿರಾಂಕ ಕೈಯಲ್ಲಿ ಇಲ್ಲದಿದ್ದರೆ ನೀವೇ ಕಂಡುಹಿಡಿಯಿರಿ. ಗಾಜಿನ ಜಾಡಿಯ ತಳದಲ್ಲಿ ಉಪ್ಪಿನ ಪರ್ಯಾಪ್ತ ದ್ರಾವಣ, ಅದರ ಮೇಲೆ ಜಾಲರಿಯಲ್ಲಿ 10 ಗ್ರಾಂ ಕಾಳು, ಬಿಗಿಯಾದ ಮುಚ್ಚಳ. 25 ಡಿಗ್ರಿಯಲ್ಲಿ ಮೆಗ್ನೀಶಿಯಂ ಕ್ಲೋರೈಡ್ ಶೇ. 33, ಪೊಟ್ಯಾಶಿಯಂ ಕಾರ್ಬೊನೇಟ್ 43, ಮೆಗ್ನೀಶಿಯಂ ನೈಟ್ರೇಟ್ 53, ಅಡುಗೆ ಉಪ್ಪು 75, ಪೊಟ್ಯಾಶಿಯಂ ಕ್ಲೋರೈಡ್ 84ರಷ್ಟು ಆರ್ದ್ರತೆ ಹಿಡಿದಿಡುತ್ತವೆ. ದ್ರಾವಣದ ತಳದಲ್ಲಿ ಕರಗದ ಉಪ್ಪು ಯಾವಾಗಲೂ ಕಾಣುತ್ತಿರಬೇಕು. ಅದು ಪೂರ್ತಿ ಕರಗಿದರೆ ಆರ್ದ್ರತೆ ಮೇಲೇರಿದೆ ಎಂದರ್ಥ. ಶೇ. 75 ಮತ್ತು 84ರ ಜಾಡಿಯಲ್ಲಿ ಬೂಷ್ಟು ಹಿಡಿಯುತ್ತದೆ, ಒಳಗೊಂದು ಚಿಕ್ಕ ಬಟ್ಟಲಲ್ಲಿ ಥೈಮಾಲ್ ಇಡಿ. ವಾರಕ್ಕೆರಡು ಸಲ ತೂಗಿ, ಮೂರು ಸಲ ಸತತವಾಗಿ ತೂಕ ಬದಲಾಗದಿದ್ದರೆ ಮುಗಿಯಿತು. ಕೆಲವು ವಾರ ಹಿಡಿಯುವ ಕೆಲಸ ಇದು, ಆದರೆ ಇಡೀ ಮಾದರಿ ನಿಲ್ಲುವುದು ಇದರ ಮೇಲೆ.

ಅಡ್ಡದಾರಿಯೊಂದಿದೆ: ಸಮತೋಲನ ತೇವಾಂಶವನ್ನೂ ಅಜ್ಞಾತವೆಂದು ಬಿಟ್ಟು ರೇಖೆಯಿಂದಲೇ ಹೊರಡಿಸುವುದು. ಪ್ರಯೋಗವನ್ನು ಬೇಗ ನಿಲ್ಲಿಸಿದ್ದರೆ ಸಾಫ್ಟ್‌ವೇರ್ ಶೇ. 11 ಎಂದೋ, ಸೊನ್ನೆಗಿಂತ ಕೆಳಗೋ ಏನೋ ಒಂದು ಕೊಡುತ್ತದೆ, ರೇಖೆ ಮಾತ್ರ ಚೆನ್ನಾಗಿ ಕೂರುತ್ತದೆ. ಈ ದಾರಿ ಬೇಡ.

ಸೂತ್ರ ಕೂರಿಸುವುದು

ತೇವಾಂಶ ಅನುಪಾತ = (ಈಗಿನ − ಸಮತೋಲನ) ÷ (ಆರಂಭದ − ಸಮತೋಲನ)

ಎಲ್ಲವೂ ಒಣ ಆಧಾರದಲ್ಲಿ. ಇದು 1ರಿಂದ ಶುರುವಾಗಿ ಸೊನ್ನೆಯತ್ತ ಇಳಿಯುತ್ತದೆ. 1921ರಲ್ಲಿ ಲೂಯಿಸ್ ಕೊಟ್ಟ ಸರಳ ಸೂತ್ರ: ಅನುಪಾತ = ಎಕ್ಸ್‌ಪ್(−ಕ × ಕಾಲ). 1949ರಲ್ಲಿ ಪೇಜ್ ಮೆಕ್ಕೆಜೋಳದ ತೆಳು ಪದರದ ಮೇಲೆ ಕೆಲಸ ಮಾಡುತ್ತಾ ಕಾಲಕ್ಕೊಂದು ಘಾತ ಸೇರಿಸಿದರು:

ಅನುಪಾತ = ಎಕ್ಸ್‌ಪ್(−ಕ × ಕಾಲ^ನ)

ಕಾಳುಗಳ ಮಟ್ಟಿಗೆ ಪೇಜ್ ಸೂತ್ರ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಎರಡೇ ಸ್ಥಿರಾಂಕ (ಕ ಮತ್ತು ನ), ತಿರುಗಿಸಿ ಕಾಲ ಹೊರಡಿಸಲೂ ಸುಲಭ. ಮಿಡಿಲ್ಲಿ ಸೂತ್ರದ ನಾಲ್ಕು ಸ್ಥಿರಾಂಕಗಳು ರೇಖೆಯನ್ನು ಇನ್ನೂ ಅಂಟಿಕೊಂಡು ಹೋಗುತ್ತವೆ, ಆದರೆ ಉಷ್ಣತೆ ಬದಲಾದಾಗ ಅವು ಯಾವ ಕ್ರಮವೂ ಇಲ್ಲದೆ ಜಿಗಿಯುತ್ತವೆ. ನಡುವಿನ ಉಷ್ಣತೆಗೆ ಊಹೆ ಮಾಡಲು ಅದರಿಂದ ಆಗದು.

ಅಂಕಿ ಇಟ್ಟು ನೋಡೋಣ. ಉದಾಹರಣೆಗೆ 200 ಗ್ರಾಂ ಮೆಕ್ಕೆಜೋಳ, ಶೇ. 24 ತೇವ, 45 ಡಿಗ್ರಿ. ಒಣ ಪದಾರ್ಥ 152 ಗ್ರಾಂ. ಆರಂಭ 0.3158, ಸಮತೋಲನ 0.0691, ಇವುಗಳ ಅಂತರ 0.2467. ಕ = 0.30, ನ = 0.75 (ಕಾಲ ಗಂಟೆಯಲ್ಲಿ) ಎಂದಾದರೆ ತಕ್ಕಡಿ ಹೀಗೆ ತೋರಿಸುತ್ತದೆ:

ಅರ್ಧ ಗಂಟೆಗೆ 193.9 ಗ್ರಾಂ
1 ಗಂಟೆಗೆ 190.3
2 ಗಂಟೆಗೆ 185.1
4 ಗಂಟೆಗೆ 178.6
6 ಗಂಟೆಗೆ 174.4

ಶೇ. 14 ಎಂದರೆ 176.7 ಗ್ರಾಂ, ಅನುಪಾತ 0.38. ಪೇಜ್ ಸೂತ್ರ ತಿರುಗಿಸಿದರೆ ಕಾಲ = (0.968 ÷ 0.30)^(1/0.75) = 4.77 ಗಂಟೆ. ಈಗ ಯಾರೋ ಮೊದಲ ಒಂದು ಗಂಟೆಯ ತೂಕ ಮಾತ್ರ ನೋಡಿ ಲೂಯಿಸ್ ಸೂತ್ರ ಹಾಕಿದರು ಎನ್ನಿ. ಅವರಿಗೂ ಕ = 0.30 ಬರುತ್ತದೆ, ಕಾಲ 3.2 ಗಂಟೆ ಎಂದು ಲೆಕ್ಕ ಸಿಗುತ್ತದೆ. ಆಗ ನಿಲ್ಲಿಸಿದರೆ ಕಾಳಿನಲ್ಲಿ ನಿಜಕ್ಕೂ ಉಳಿದಿರುವುದು ಶೇ. 15.9. ಆ ಮೆಕ್ಕೆಜೋಳ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ನ ಒಂದಕ್ಕಿಂತ ಕಡಿಮೆ ಎಂದರೆ ಒಣಗುವಿಕೆ ಹೋಗುತ್ತಾ ಹೋಗುತ್ತಾ ಲೂಯಿಸ್ ಸೂತ್ರ ಹೇಳುವುದಕ್ಕಿಂತ ನಿಧಾನವಾಗುತ್ತದೆ ಎಂದೇ ಅರ್ಥ. ಕಾಳುಗಳಲ್ಲಿ ಸಾಮಾನ್ಯವಾಗಿ ಹೀಗೇ. ಒಂದಕ್ಕಿಂತ ಹೆಚ್ಚು ಬಂದರೆ ಕಾಳು ಬಿಸಿಯಾಗಲು ಹಿಡಿದ ಹೊತ್ತು ಸೇರಿಕೊಂಡಿದೆಯೇ, ಪೆಟ್ಟಿಗೆ ಮೊದಲೇ ಕಾದಿರಲಿಲ್ಲವೇ ಎಂದು ಹುಡುಕಿ.

ಸ್ಥಿರಾಂಕ ಹೊರಡಿಸುವಾಗ ಎರಡು ಸಲ ಲಾಗ್ ತೆಗೆದು ನೇರ ಗೆರೆ ಎಳೆಯುವ ಹಳೆಯ ರೂಢಿಯನ್ನು ಮೊದಲ ಅಂದಾಜಿಗೆ ಮಾತ್ರ ಬಳಸಿ. ಅನುಪಾತ 1ರ ಹತ್ತಿರ ಇರುವಾಗ 0.2 ಗ್ರಾಂ ತಪ್ಪು ಕೂಡ ಲಾಗ್‌ನಲ್ಲಿ ದೊಡ್ಡದಾಗಿ ಕೂತು ಗೆರೆಯನ್ನು ತಿರುಗಿಸುತ್ತದೆ. ಆ ಅಂದಾಜನ್ನು ಲಿಬ್ರೆಆಫೀಸ್ ಅಥವಾ ಎಕ್ಸೆಲ್‌ನ ಸಾಲ್ವರಿಗೆ, ಇಲ್ಲವೇ ಪೈಥಾನ್‌ನ ಸೈಪೈ ಲೈಬ್ರರಿಯ ಕರ್ವ್ ಫಿಟ್‌ಗೆ ಕೊಟ್ಟು, ತೇವಾಂಶ ಅನುಪಾತದಲ್ಲೇ ವ್ಯತ್ಯಾಸಗಳ ವರ್ಗಗಳ ಮೊತ್ತ ಕನಿಷ್ಠ ಮಾಡಿ. ಆಮೇಲೆ ಉಳಿಕೆಗಳನ್ನು (ಅಳತೆಗೂ ಸೂತ್ರಕ್ಕೂ ಇರುವ ವ್ಯತ್ಯಾಸಗಳನ್ನು) ಕಾಲದ ಎದುರು ಗುರುತಿಸಿ. ಸೊನ್ನೆಯ ಮೇಲೆ ಕೆಳಗೆ ಚದುರಿದ್ದರೆ ಸರಿ. ಮೊದಲು ಮೇಲೆ, ನಡುವೆ ಕೆಳಗೆ, ಕೊನೆಗೆ ಮತ್ತೆ ಮೇಲೆ ಎಂದು ಬಾಗಿದ್ದರೆ ಆರ್-ಸ್ಕ್ವೇರ್ಡ್ ಎಷ್ಟಿದ್ದರೂ ಏನೋ ತಪ್ಪಿದೆ, ಹೆಚ್ಚಾಗಿ ಸಮತೋಲನ ತೇವಾಂಶವೇ.

ಪೇಜ್ ಸೂತ್ರದ ಕ-ಗೆ ಇರುವ ಮಾನ ವಿಚಿತ್ರ. ಗಂಟೆಯಿಂದ ನಿಮಿಷಕ್ಕೆ ತರಲು 60ರಿಂದ ಅಲ್ಲ, 60^ನ ಇಂದ ಭಾಗಿಸಬೇಕು. 0.30 ಆಗುವುದು 0.0139, 0.005 ಅಲ್ಲ. ಬೇರೆಯವರ ಸ್ಥಿರಾಂಕ ತಂದು ಹಾಕುವಾಗ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ಕ ಮತ್ತು ನ ಒಂದನ್ನೊಂದು ಎಳೆದಾಡುವುದರಿಂದ, ಎಲ್ಲ ಉಷ್ಣತೆಗೂ ನ-ದ ಒಂದೇ ಸರಾಸರಿ ಇಟ್ಟು ಕ ಒಂದನ್ನೇ ಮತ್ತೆ ಹೊರಡಿಸಿ. ಆಗ ಕ ಉಷ್ಣತೆಯ ಜೊತೆ ಕ್ರಮವಾಗಿ ಏರುವುದು ಕಾಣುತ್ತದೆ.

ವಿಸರಣ ಗುಣಾಂಕ

ಕಾಳಿನೊಳಗೆ ನೀರು ಎಷ್ಟು ಸಲೀಸಾಗಿ ಸಾಗುತ್ತದೆ ಎಂಬುದರ ಅಳತೆ ಈ ಗುಣಾಂಕ. ಕಾಳನ್ನು ಗೋಳವೆಂದು ಹಿಡಿದು ವಿಸರಣದ ಫಿಕ್ ನಿಯಮ ಬಿಡಿಸಿದರೆ, ಒಣಗುವಿಕೆಯ ಕೊನೆಯ ಭಾಗದಲ್ಲಿ ಅನುಪಾತದ ಲಾಗ್ ಕಾಲದ ಎದುರು ನೇರ ಗೆರೆಯಾಗುತ್ತದೆ. ಇಳಿಜಾರು = ಪೈ² × ಗುಣಾಂಕ ÷ ತ್ರಿಜ್ಯ². ಅನುಪಾತ ಸುಮಾರು 0.3ಕ್ಕಿಂತ ಕೆಳಗಿನ ಬಿಂದುಗಳನ್ನೇ ತೆಗೆದುಕೊಳ್ಳಿ, ಅದಕ್ಕೆ ಮುಂಚೆ ಪರಿಹಾರವಾಗಿ ಬರುವ ಶ್ರೇಣಿಯ ಮುಂದಿನ ಪದಗಳನ್ನು ಬಿಡಲಾಗದು. ನಮ್ಮ ಉದಾಹರಣೆಯಲ್ಲಿ 6ರಿಂದ 12 ಗಂಟೆಯ ನಡುವೆ ಇಳಿಜಾರು ಸೆಕೆಂಡಿಗೆ 3.63 × 10⁻⁵. ತ್ರಿಜ್ಯ 4 ಮಿಲಿಮೀಟರ್ ಆದರೆ ಗುಣಾಂಕ ಸೆಕೆಂಡಿಗೆ 5.9 × 10⁻¹¹ ಚದರ ಮೀಟರ್. ಕಾಳುಗಳಲ್ಲಿ 10⁻¹¹ರಿಂದ 10⁻⁹ರ ಒಳಗೆ ಬಂದರೆ ನಂಬಬಹುದು, 10⁻⁷ ಬಂದರೆ ನಿಮಿಷ-ಸೆಕೆಂಡ್ ಅಥವಾ ವ್ಯಾಸ-ತ್ರಿಜ್ಯ ಎಲ್ಲೋ ಅದಲುಬದಲಾಗಿದೆ.

ಗುಣಾಂಕದ ಲಾಗ್ ಅನ್ನು ಕೆಲ್ವಿನ್ ಉಷ್ಣತೆಯ ವಿಲೋಮದ ಎದುರು ಎಳೆದು, ಇಳಿಜಾರನ್ನು ಅನಿಲ ಸ್ಥಿರಾಂಕ 8.314ರಿಂದ ಗುಣಿಸಿದರೆ ಸಕ್ರಿಯತಾ ಶಕ್ತಿ (ಉಷ್ಣತೆ ಏರಿದಂತೆ ಗುಣಾಂಕ ಎಷ್ಟು ಏರುತ್ತದೆ ಎಂಬುದರ ಅಳತೆ). ಅದು ಮೋಲಿಗೆ 30 ಕಿಲೋಜೌಲ್ ಎಂದಾದರೆ 40ರಿಂದ 60 ಡಿಗ್ರಿಗೆ ಹೋದಾಗ ಗುಣಾಂಕ ಸರಿಯಾಗಿ ಎರಡು ಪಟ್ಟಾಗುತ್ತದೆ. ಹಸಿ ಅವರೆಕಾಳಿಗೆ ಈ ಲೆಕ್ಕ ಹಾಕಬೇಡಿ. ಡಿಸೆಂಬರ್-ಜನವರಿಯ ಸೊಗಡಿನ ಹಸಿ ಕಾಳು ಒಣಗುತ್ತಾ ಎಷ್ಟು ಕುಗ್ಗುತ್ತದೆಂದರೆ ತ್ರಿಜ್ಯ ಸ್ಥಿರ ಎಂಬ ಊಹೆಯೇ ಬೀಳುತ್ತದೆ.

ದಪ್ಪ ರಾಶಿಗೆ ಹೋಗುವಾಗ

ತೆಳು ಪದರದ 4.77 ಗಂಟೆಯನ್ನು ಅರ್ಧ ಮೀಟರ್ ರಾಶಿಗೆ ಹಾಕಲಾಗದು. 1968ರಲ್ಲಿ ಥಾಂಪ್ಸನ್ ಮತ್ತು ಸಂಗಡಿಗರು ತೋರಿಸಿದ ದಾರಿ ಸರಳ: ರಾಶಿಯನ್ನು ತೆಳು ಪದರಗಳ ಅಡಕಲು ಎಂದು ನೋಡಿ. ಕೆಳಗಿನ ಪದರದಿಂದ ಹೊರಟ ಗಾಳಿಯೇ ಮೇಲಿನದಕ್ಕೆ ಒಳಬರುವ ಗಾಳಿ. ಪ್ರತಿ ಪದರಕ್ಕೆ, ಪ್ರತಿ ಕಾಲದ ತುಣುಕಿಗೆ, ಎಷ್ಟು ನೀರು ಹೋಯಿತು, ಗಾಳಿಗೆ ಎಷ್ಟು ಸೇರಿತು, ಗಾಳಿ ಎಷ್ಟು ತಣಿಯಿತು ಎಂದು ಲೆಕ್ಕ ಹಾಕಿ ಮೇಲಕ್ಕೆ ಸಾಗಬೇಕು.

ಮೊದಲ ಪದರವನ್ನೇ ನೋಡಿ. ದಪ್ಪ 2.5 ಸೆಂಟಿಮೀಟರ್, ಚದರ ಮೀಟರಿಗೆ 18 ಕಿಲೋ ಹಸಿ ಕಾಳು, ಅದರಲ್ಲಿ ಒಣ ಪದಾರ್ಥ 13.7 ಕಿಲೋ. ಗಾಳಿ ಸೆಕೆಂಡಿಗೆ 0.1 ಕಿಲೋ. ಮೊದಲ 6 ನಿಮಿಷದಲ್ಲಿ ಪೇಜ್ ಸೂತ್ರದ ಪ್ರಕಾರ ಹೋಗುವ ನೀರು 175 ಗ್ರಾಂ, ಹಾದುಹೋದ ಗಾಳಿ 36 ಕಿಲೋ. ಅಂದರೆ ಕಿಲೋ ಗಾಳಿಗೆ 4.9 ಗ್ರಾಂ ನೀರು ಸೇರಿ, 45 ಡಿಗ್ರಿಯ ಗಾಳಿ ಸುಮಾರು 33.5ಕ್ಕೆ ಇಳಿದು, ಆರ್ದ್ರತೆ ಶೇ. 61 ಆಗುತ್ತದೆ. ಎರಡನೆಯ ಪದರಕ್ಕೆ ಸಮತೋಲನ ತೇವಾಂಶ 6.9 ಅಲ್ಲ, 13.7. ಈ 45 ಡಿಗ್ರಿ ಗಾಳಿಯ ವೆಟ್ ಬಲ್ಬ್ ಉಷ್ಣತೆ (ನೀರು ಹೀರುತ್ತಾ ಗಾಳಿ ತಣಿಯಬಲ್ಲ ಕೊನೆಯ ಮಟ್ಟ) ಸುಮಾರು 27, ಆ ಗಾಳಿ ಒಟ್ಟು ಹೊರಬಲ್ಲ ನೀರು ಕಿಲೋಗೆ 7.6 ಗ್ರಾಂ ಮಾತ್ರ. ಹಾಗಾಗಿ ಮೂರ್ನಾಲ್ಕು ಪದರ ಮೇಲೆ ಹೋಗುವಷ್ಟರಲ್ಲಿ ಗಾಳಿಯ ಶಕ್ತಿ ಮುಗಿದಿರುತ್ತದೆ. ರಾಶಿಯ ತಳ ಗರಿಗರಿ, ಮೇಲ್ಭಾಗ ಹಸಿ ಇರುವುದಕ್ಕೆ ಕಾರಣ ಇದು.

ಪ್ರೋಗ್ರಾಂ ಬರೆಯುವಾಗ ಎರಡು ಕಡೆ ಎಚ್ಚರ ಬೇಕು. ಲೆಕ್ಕದಲ್ಲಿ ಆರ್ದ್ರತೆ ಶೇ. 100 ದಾಟಿದರೆ, ಗಾಳಿ ಹೊರಬಲ್ಲಷ್ಟಕ್ಕೇ ನೀರನ್ನು ಮಿತಿಗೊಳಿಸಿ. ಈ ಪರೀಕ್ಷೆ ಇಲ್ಲದ ಪ್ರೋಗ್ರಾಂ ಶೇ. 130 ಆರ್ದ್ರತೆಯ ಗಾಳಿ ತೋರಿಸಿಯೂ ಸುಮ್ಮನೆ ಮುಂದೆ ಓಡುತ್ತದೆ. ಇನ್ನೊಂದು ಸಮಾನ ಕಾಲ. ಗಾಳಿ ಬದಲಾದಾಗ ಪದರದ ಈಗಿನ ಅನುಪಾತವನ್ನು ಹೊಸ ಕ ಮತ್ತು ಹೊಸ ಸಮತೋಲನದಿಂದ ಲೆಕ್ಕ ಹಾಕಿ, ಆ ಅನುಪಾತಕ್ಕೆ ಬರಲು ಹೊಸ ಗಾಳಿಯಲ್ಲಿ ಎಷ್ಟು ಹೊತ್ತು ಆಗುತ್ತಿತ್ತು ಎಂದು ತಿರುಗಿಸಿ, ಅಲ್ಲಿಂದ ಮುಂದಿನ ತುಣುಕು ಸೇರಿಸಬೇಕು. ಗಡಿಯಾರದ ಕಾಲವನ್ನೇ ಹಾಕಿದರೆ ನ ಒಂದಲ್ಲದ ಕಾರಣ ಉತ್ತರ ಕೆಡುತ್ತದೆ. ಮೊದಲ ಒಂದು ಗಂಟೆಗೆ 1 ನಿಮಿಷದ ತುಣುಕು, ಆಮೇಲೆ 5 ನಿಮಿಷ ಸಾಕು. ತುಣುಕನ್ನು ಅರ್ಧ ಮಾಡಿದಾಗ ಒಟ್ಟು ಕಾಲ ಬದಲಾಗದಿದ್ದರೆ ಸಾಕಷ್ಟು ಸಣ್ಣದಿದೆ ಎಂದು ತಿಳಿಯಿರಿ. ಕೊನೆಗೆ ಕಾಳು ಕಳೆದುಕೊಂಡ ನೀರೂ ಗಾಳಿ ಹೊತ್ತೊಯ್ದ ನೀರೂ ಸಮ ಇದೆಯೇ ನೋಡಿ.

ದ್ವಿದಳ ಕಾಳಿಗೆ ಪ್ರೋಗ್ರಾಂನಲ್ಲಿ ಇನ್ನೊಂದು ಮಿತಿ ಹಾಕಿ: ಒಳಬರುವ ಗಾಳಿಯ ಆರ್ದ್ರತೆ ಶೇ. 40ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಸಿಪ್ಪೆ ಒಣಗಿ ಬಿಗಿದು ಬಿರಿಯುತ್ತದೆ. ಸೋಯಾದಲ್ಲಿ ಇದು ಎದ್ದು ಕಾಣುತ್ತದೆ. 27 ಡಿಗ್ರಿ, ಶೇ. 70ರ ದಿನ ಈ ಮಿತಿ ಎಂದರೆ 37 ಡಿಗ್ರಿಯ ಗಾಳಿ, ಬರೀ 10 ಡಿಗ್ರಿ ಏರಿಕೆ. ಮಾದರಿ ಕೊಡುವ ಕಾಲ ಉದ್ದವಾಗುತ್ತದೆ, ಬೇಳೆ ಮಾತ್ರ ಇಡಿಯಾಗಿ ಉಳಿಯುತ್ತದೆ.

ಪರೀಕ್ಷೆ

ಸ್ಥಿರಾಂಕ ಹೊರಡಿಸಲು ಬಳಸದ ಒಂದು ಪ್ರಯೋಗ ಕೈಯಲ್ಲಿರಲಿ. 40, 50, 60ರಿಂದ ಕಟ್ಟಿದ ಮಾದರಿಗೆ 45 ಡಿಗ್ರಿಯ ಬೇರೊಂದು ದಿನದ, ಬೇರೊಂದು ರೈತರ ಕಾಳು ಕೊಡಿ. ಮಾದರಿ ಹೇಳಿದ ಹೊತ್ತಿಗೆ ನಿಲ್ಲಿಸಿ, ಓವನ್‌ನಲ್ಲಿ ತೇವಾಂಶ ನೋಡಿ. ಗುರಿಗಿಂತ ಅರ್ಧ ಶೇಕಡಾ ಆಚೀಚೆ ಇದ್ದರೆ ಬಳಕೆಗೆ ಬಿಡಬಹುದು. ಒಂದೂವರೆ ಶೇಕಡಾ ತಪ್ಪಿದರೆ ಸೂತ್ರ ಬದಲಿಸಲು ಹೋಗಬೇಡಿ, ಒಣ ತೂಕ ಮತ್ತು ಆರ್ದ್ರತೆ ಸೆನ್ಸರನ್ನು ಮೊದಲು ಪರೀಕ್ಷಿಸಿ. ಸೆನ್ಸರನ್ನು ಅಡುಗೆ ಉಪ್ಪಿನ ಅದೇ ಜಾಡಿಯೊಳಗೆ ಒಂದು ರಾತ್ರಿ ಇಟ್ಟರೆ ಶೇ. 75 ತೋರಿಸಬೇಕು.

ಈ ಕೊನೆಯ ತೇವಾಂಶವನ್ನು ಒಣಗಿಸಿದ ಕೂಡಲೇ ಕೈ ಮೀಟರಿನಲ್ಲಿ ನೋಡಿ ತೀರ್ಮಾನಿಸಬೇಡಿ. ಆಗ ಕಾಳಿನ ಹೊರಭಾಗ ಒಣಗಿ ಒಳಭಾಗ ಇನ್ನೂ ತೇವ ಇರುತ್ತದೆ, ಕಾಳೂ ಬಿಸಿ ಇರುತ್ತದೆ, ಮೀಟರ್ ಇದ್ದದ್ದಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆ ಹೆಚ್ಚು. ಗಾಳಿಯಾಡದ ಚೀಲದಲ್ಲಿ ಒಂದು ದಿನ ಇಟ್ಟು, ಒಳಹೊರಗು ಸಮವಾದ ಮೇಲೆ ಓದಿ.